ಉಪಾಸ ಇದ್ದ ಬೀಸುಕಲ್ಲು

ದೆವ್ವ-ಗಿವ್ವ ಅಂದ್ರ ನನಗ ಮೊದಲಿಂದನೂ ಸಿಟ್ಟು. ಕನ್ನೊಳ್ಳಿ ಹೈಸ್ಕೂಲಿನಾಗ ವಿಜ್ಞಾನ ಕಲಿಸಾಕಿ ನಾನು. ಯಾವ ಹುಡುಗಿಯಾದ್ರೂ 'ಅಕ್ಕೋರ, ಹುಣಸಿಗಿಡದಾಗ ಏನೋ ಐತ್ರಿ' ಅಂದ್ರ, ಇಡೀ ಕ್ಲಾಸನ್ನ ಅದ ಗಿಡದ ಬುಡಕ ಕುಂಡ್ರಿಸಿ ಪಾಠ ಮಾಡಿದಾಕಿ. ಅಂಥಾಕಿ ಇದನ್ನ ಬರಿಯಾಕತ್ತಾಳ ಅಂತ ನೀವು ನಗಬಹುದು. ನಗ್ರಿ. ನಾನೂ ನಕ್ಕಿದ್ದೆ.

ಕೆಲವು ವರ್ಷದ ಹಿಂದ ಸಿಂದಗಿಯೊಳಗ, ನಮ್ಮ ಓಣಿಯ ಹತ್ರ, ಊರಿನ ಮಂದಿ ಒಂದು ಹಳೇ ವಾಡೇದಾಗ ಊರ ಇತಿಹಾಸದ ಮ್ಯೂಸಿಯಂ ಮಾಡಿದ್ರು. ಮನಿಮನಿಗೆ ಬಂದು ಹಳೇ ಸಾಮಾನು ಕೇಳಿದ್ರು. ನಮ್ಮತ್ತಿ ಖುಷಿಯಿಂದ ತನ್ನ ಬೀಸುಕಲ್ಲು ಕೊಟ್ಟಳು. ಮುಂದ, ಅಲ್ಲಿ ಮಟಮಟ ಮಧ್ಯಾಹ್ನ ಬೀಸೂ ಸಪ್ಪಳ ಕೇಳತೈತಿ ಅಂತ ಸುದ್ದಿ ಹಬ್ಬಿತು. ಕಸಾ ಹೊಡಿಯಾಕಿ ಅಂಜಿ ಕೆಲಸನ ಬಿಟ್ಟಳು. 'ಬಾಜೂಕ ಹಿಟ್ಟಿನ ಗಿರಣಿ ಐತಿ, ಅದರ ಸಪ್ಪಳಕ್ಕ ಇಷ್ಟ್ಯಾಕ ಹುಚ್ಚು?' ಅಂತ ನಾ ಬೈದೆ.

ಆದ್ರ ಸುದ್ದಿ ಅತ್ತಿ ಕಿವಿಗೆ ಬಿತ್ತು. ಅಷ್ಟರಾಗ ಅಕಿಗೆ ಲಕ್ವಾ ಹೊಡದು, ಬಲಗೈ ಬಿದ್ದು, ಹಾಸಿಗಿ ಹಿಡದಿದ್ಲು. ಬೀಸೂದು ಮುಗದ ಮ್ಯಾಲ ಕಲ್ಲಿನ ಬಾಯಾಗ ಒಂದು ಹಿಡಿ ಜ್ವಾಳ ಬಿಟ್ಟ ಏಳಬೇಕು, ಕಲ್ಲು ಖಾಲಿ ಇರಬಾರದು ಅನ್ನೂದು ನಮ್ಮ ಮನಿ ಪದ್ಧತಿ. ಮ್ಯೂಸಿಯಂನವರು ಅದನ್ನ ತಿಕ್ಕಿ ತೊಳದು ಒಯ್ದಿದ್ರು. 'ನನ್ನ ಕಲ್ಲು ಉಪಾಸ ಐತಿ, ನಾ ಹ್ಯಾಂಗ ಉಣ್ಣಲಿ?' ಅಂತ ಅತ್ತಿ ಊಟಾನ ಬಿಟ್ಟಳು. ಗಂಜಿ ಹಿಡಿದ್ರ ಹಲ್ಲು ಕಚ್ಚಿ ಮಾರಿ ತಿರುವಾಕಿ. ಜ್ವಾಳ ಹಾಕಿ ಬಂದೆ ಅಂತ ಸುಳ್ಳು ಹೇಳಿ ನೋಡಿದೆ, ನನ್ನ ಮಾರಿ ನೋಡೇ ಹಿಡದುಬಿಟ್ಟಳು. ಹಿಂಗಾದ್ರ ಮುದುಕಿ ಉಳಿಯೂದಿಲ್ಲ ಅಂದ್ರು ಡಾಕ್ಟರು.

ನನಗ ಸಿಟ್ಟೂ ಬಂತು, ಅಳೂನೂ ಬಂತು. ನನ್ನ ಬಾಣಂತನ ಮಾಡಿದ ಕೈ ಅದು. ಶನಿವಾರ ಮುಂಜಾನಿ ಸಾಲಿ ಮುಗಿಸಿ, ಒಂದು ಹಿಡಿ ಜ್ವಾಳ ಸೆರಗಿಗೆ ಕಟಗೊಂಡು ಮ್ಯೂಸಿಯಂಗೆ ಹೋದೆ.

ಕಾವಲುಗಾರ ಶರಣಪ್ಪ ಕೀಲಿ ತಗದ, ಆದ್ರ ಹೊಸ್ತಿಲಾ ದಾಟಲಿಲ್ಲ. 'ಲಗೂನ ಬರ್ರಿ ಅಕ್ಕೋರ. ಕರೆಂಟ್ ಹೋದ್ರ ಒಳಗ ನಿಂದರಬ್ಯಾಡ್ರಿ' ಅಂದ. ಪಡಸಾಲಿ ದಾಟಿ ಒಳಗಿನ ಖೋಲಿಗೆ ಹೋದೆ, ಅದರ ಕಿಡಕಿಗೆಲ್ಲಾ ಹಲಗಿ ಬಡದು ಮುಚ್ಚಿದ್ರು. ಬೀಸುಕಲ್ಲು ಮೂಲ್ಯಾಗಿತ್ತು. ಬಂದಬಂದವರು ತಿರುವಿ ನೋಡತಾರ ಅಂತ ಮ್ಯಾಲಿನ ಕಲ್ಲನ್ನ ಕೆಳಗಿನ ಕಲ್ಲಿಗೆ ಸಿಮೆಂಟ್ ಹಾಕಿ ಕೂಡಿಸಿಬಿಟ್ಟಿದ್ರು. ಗೂಟ ಹಿಡದು ಜಗ್ಗಿದೆ, ಅಲುಗಾಡಲಿಲ್ಲ. ಇದು ಬೀಸತೈತಂತ! ನಗು ಬಂತು. ಜ್ವಾಳ ಹಾಕಿದೆ. ಕೆಳಗ ಇಳಿಯಾಕ ದಾರಿ ಇಲ್ಲದ ಕಾಳು ಬಾಯಿತುಂಬ ಹಂಗ ನಿಂತ್ವು.

ಆಗ ಕರೆಂಟ್ ಹೋತು.

ಫ್ಯಾನ್ ನಿಂತಿತು. ಬಾಜೂದ ಗಿರಣಿನೂ ನಿಂತಿತು. ಕಣ್ಣಿಗೆ ಕಣ್ಣು ಕಾಣದಂಥ ಕತ್ತಲಿ. ನನ್ನ ಅಂಗೈ ಇನ್ನೂ ಕಲ್ಲಿನ ಮ್ಯಾಲ ಇತ್ತು. ಅದರ ಕೆಳಗ ಕಲ್ಲು ನಡುಗಿತು. ಗರ್... ಗರ್... ಗೂಟ ನನ್ನ ಮೊಣಕೈಗೆ ತಾಗಿ ಹೋತು. ಸುತ್ತು ಹಾಕಿ ಬಂದು ಮತ್ತ ತಾಗಿತು. ಕಾಲು ಕಿತ್ತಿಡಾಕ ಆಗಲಿಲ್ಲ. ಯಾರೋ ಮಗ್ಗಲದಾಗ ಕುಂತು ಉಸರು ಬಿಡಾಕತ್ತಾರ ಅನಿಸಿತು.

ಎಷ್ಟೊತ್ತು ಹಂಗ ನಿಂತಿದ್ನೋ ಗೊತ್ತಿಲ್ಲ. ಕರೆಂಟ್ ಬಂತು. ಸಿಮೆಂಟ್ ಹ್ಯಾಂಗಿತ್ತೋ ಹಂಗ ಐತಿ, ಒಂದು ಸೀಳೂ ಇಲ್ಲ. ಕಲ್ಲಿನ ಬಾಯಿ ಖಾಲಿ. ಸುತ್ತಲೂ ಬಿಳಿ ಹಿಟ್ಟು. ಮುಟ್ಟಿದೆ, ಬೆಚ್ಚಗಿತ್ತು. 'ಕೇಳಿದ್ರಿಲ್ಲೋ ಅಕ್ಕೋರ?' ಅಂದ ಶರಣಪ್ಪ ಹೊರಗಿಂದ. ಯಾಕಂತ ನನಗೂ ತಿಳೀದು, ಆ ಹಿಟ್ಟನ್ನೆಲ್ಲಾ ಬಳದು ಸೆರಗಿಗೆ ಕಟಗೊಂಡೆ.

ಮನ್ಯಾಗ ಯಾರ ಮುಂದೂ ತುಟಿ ಬಿಚ್ಚಲಿಲ್ಲ. 'ಹಾಕಿ ಬಂದೇನ್ರಿ ಅತ್ತಿ' ಅಂದೆ, ಅಷ್ಟ. ಆ ಹಿಟ್ಟು ನಾದಿ ಅಂಗೈಯಷ್ಟ ಒಂದು ರೊಟ್ಟಿ ಬಡದೆ. ಅತ್ತಿ ಸಣ್ಣ ಮಕ್ಕಳಂಗ ಬಾಯಿ ತೆರದಳು. ನನ್ನ ಜೀವಾ ತಣ್ಣಗಾತು. ಒಂದೆರಡು ತುತ್ತು ತಿಂದು, ಎಡಗೈಲೆ ಒಂದು ಚೂರು ಮುರದು ನನ್ನ ಬಾಯಿಗೆ ಹಿಡದಳು.

'ನೀನೂ ತಿನ್ನವ್ವಾ. ಕತ್ತಲಾಗ ಭಾಳ ಅಂಜಿದ್ದಿ' ಅಂದಳು.

ತಿಂದೆ. ಕಲ್ಲಿನ ಹುಡಿ ಹಲ್ಲಿಗೆ ಕರಕ್ ಅಂತು.

ಅತ್ತಿ ಆಮ್ಯಾಲ ಉಂಡು ತಿಂದು ಭಾಳ ದಿನ ಇದ್ದಳು. ನಿಮಗ ಹ್ಯಾಂಗ ಗೊತ್ತಾತು ಅಂತ ಕೇಳೂ ಧೈರ್ಯ ನನಗ ಒಂದು ದಿನಾನೂ ಬರಲಿಲ್ಲ. ಈಗ ಅಕಿ ಇಲ್ಲ. ನಾ ಮಾತ್ರ ಆಗೀಗ ಅಲ್ಲಿ ಹೋಗಿ ಆ ಸಿಮೆಂಟನ್ನ ಉಗುರಿಲೆ ಕೆರದು ನೋಡತೇನಿ. ಗಟ್ಟಿ ಐತಿ. ಒಂದು ಹಿಡಿ ಜ್ವಾಳ ಹಾಕತೇನಿ, ಕರೆಂಟ್ ಹೋಗೂದರೊಳಗ ಹೊರಗ ಬಂದುಬಿಡತೇನಿ.