ನನ್ನ ಪುಸ್ತಕದ ಸಭೆಗೆ ಬಂದವರು

ನಿವೃತ್ತಿಯಾಗುವವರೆಗೂ ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದೆ. ಸಹೋದ್ಯೋಗಿಗಳು ನನ್ನನ್ನು ‘ಮಾರ್ಕ್ಸ್ ಮೇಡಂ’ ಅಂತ ಕರೆಯುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ಬೇಸರಕ್ಕೆ. ದುಡಿಯುವವರ ಹೊತ್ತು ಕೊನೆಗೆ ಯಾರ ಪಾಲಾಗುತ್ತದೆ ಅನ್ನುವ ಒಂದೇ ಪ್ರಶ್ನೆ ಹಿಡಿದುಕೊಂಡು ಇಡೀ ವೃತ್ತಿ ಕಳೆದವಳು ನಾನು.

ಆ ಪ್ರಶ್ನೆ ಹುಟ್ಟಿದ್ದು ಶಿಡ್ಲಘಟ್ಟದ ನಮ್ಮ ಮನೆಯಲ್ಲೇ. ಹಿತ್ತಲಿನಲ್ಲಿ ಅಪ್ಪನ ರೇಷ್ಮೆ ನೂಲು ತೆಗೆಯುವ ಘಟಕವಿತ್ತು. ಬೆಂದ ಗೂಡಿನ ವಾಸನೆ ನನ್ನ ಶಾಲೆಯ ಲಂಗಕ್ಕೂ ಹತ್ತಿರುತ್ತಿತ್ತು. ಅರ್ಥಶಾಸ್ತ್ರ ಅಂದರೆ ಲೆಕ್ಕಪತ್ರ ಬರೆಯುವುದು ಅಂದುಕೊಂಡು ಅಪ್ಪ ನನ್ನನ್ನು ಮೈಸೂರಿಗೆ ಓದಲು ಕಳಿಸಿದರು. ಅವರ ನಂತರ ಘಟಕ ನೋಡಿಕೊಂಡವನು ಅಣ್ಣ. ನಾನು ಬರೆದ ಒಂದು ಸಾಲನ್ನೂ ಅವನು ಓದಲಿಲ್ಲ. ಆದರೂ ನನ್ನ ಲೇಖನವಿರುವ ಪತ್ರಿಕೆಗಳನ್ನು ಟೀವಿ ಪಕ್ಕ ಜೋಡಿಸಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದ.

ಹೋದ ವರ್ಷ, ನೂಲು ತೆಗೆಯುವ ಹೆಂಗಸರ ಬದುಕಿನ ಬಗ್ಗೆ ಕನ್ನಡದಲ್ಲೇ ಒಂದು ಪುಸ್ತಕ ಬರೆದೆ. ಬಿಡುಗಡೆ ಶಿಡ್ಲಘಟ್ಟದಲ್ಲೇ ಆಗಲಿ ಅಂತ ನನ್ನದೇ ಹಟ. ಫೋನ್ ಮಾಡಿ ಅಣ್ಣನನ್ನು ಕೇಳಿದೆ, “ಜನ ಬರ್ತಾರಾ?”

“ಅದೆಲ್ಲ ನಂಗೆ ಬಿಡು,” ಅಂದ.

ಆ ದಿನ ಸಭಾಂಗಣ ತುಂಬಿತ್ತು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದ ಹೆಂಗಸರೇ ಹೆಚ್ಚು. ಪುಸ್ತಕದ ಸುದ್ದಿ ಬಾಯಿಂದ ಬಾಯಿಗೆ ಹರಡಿದೆ ಅಂದುಕೊಂಡು ಒಳಗೊಳಗೇ ಉಬ್ಬಿದೆ. ಅತಿಥಿಗಳು ಬರುವುದು ತಡವಾಯಿತು. ಮಾತಾಡಿಸೋಣ ಅಂತ ವೇದಿಕೆ ಇಳಿದೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕೂತಿದ್ದಳು. ಬಿಸಿನೀರಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

“ಎಪ್ಪುಡಯಿಪೋತುಂದಮ್ಮಾ, ಯಾವಾಗ ಮುಗಿಯುತ್ತೆ?” ಅಂತ ಕೇಳಿದಳು.

“ಯಾಕಮ್ಮ, ಅರ್ಜೆಂಟ್ ಇದೆಯಾ?”

“ಈವತ್ತು ನಿಂತಿದ್ ಕೆಲಸ ಭಾನುವಾರ ಬಂದು ಮಾಡಿಕೊಡ್ಬೇಕು ಅಂದವ್ರೆ ಸಾಹುಕಾರ್ರು. ಭಾನುವಾರ ಜಂಗಮಕೋಟೇಲಿ ನನ್ ಮಗಳ ಸೀಮಂತ. ಬೇಗ ಬಿಟ್ರೆ ಈವತ್ತೇ ಒಂದಿಷ್ಟು ಮುಗಿಸಣ ಅಂತ.”

ಸಾಹುಕಾರರು ಅಂದರೆ ಅಣ್ಣ. ಅಲ್ಲಿ ಕೂತವರೆಲ್ಲ ಅವನ ಘಟಕದವರು, ಅವನ ಸ್ನೇಹಿತರ ಘಟಕಗಳವರು. ಅವರ ರಜೆಯ ದಿನ ಹೇಗೆ ಕರಗಿಹೋಗುತ್ತದೆ ಅನ್ನುವುದರ ಮೇಲೆಯೇ ನನ್ನ ಪುಸ್ತಕದ ಒಂದು ಅಧ್ಯಾಯವಿತ್ತು. ಈಗ ಅದು ಕರಗುತ್ತಿದ್ದುದು ನನ್ನ ಸಭೆ ತುಂಬಲಿ ಅಂತ. ಕಿವಿಯ ತುದಿಯವರೆಗೆ ಮುಖ ಬಿಸಿಯಾಯಿತು. ಅವಳ ಪಕ್ಕ ನಿಲ್ಲುವುದಕ್ಕೂ ಆಗಲಿಲ್ಲ.

ವೇದಿಕೆ ಹತ್ತಿ ಮೈಕ್ ಹಿಡಿದೆ. “ಕೆಲಸ ಬಿಟ್ಟು ಬಂದವರು ದಯವಿಟ್ಟು ಹೊರಡಿ. ಭಾನುವಾರ ಯಾರನ್ನೂ ಕರೆಯಬಾರದು ಅಂತ ಮಾಲೀಕರನ್ನ ಕೇಳ್ಕೋತೀನಿ,” ಅಂದೆ.

ಯಾರೂ ಏಳಲಿಲ್ಲ. ಎಲ್ಲರೂ ಬಾಗಿಲ ಬಳಿ ನಿಂತಿದ್ದ ಅಣ್ಣನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ, ಹೋಗಿ ಅನ್ನುವಂತೆ ತಲೆಯಾಡಿಸಿದ. ಆಮೇಲೆ ಕುರ್ಚಿಗಳು ಸರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಉಳಿದ ಕೆಲವರ ಮುಂದೆ ನನಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು. ಏನು ಮಾತಾಡಿದೆನೋ ನೆನಪಿಲ್ಲ.

ಅಣ್ಣನ ಮನೆಗೆ ಬಂದ ಮೇಲೆ ಅತ್ತಿಗೆ ಊಟ ಬಡಿಸಿದರು. ಅಣ್ಣ ಮುದ್ದೆ ಮುರಿದ.

“ನಂಗೆ ಮೊದಲೇ ಹೇಳ್ಬಾರ್ದಿತ್ತಾ?” ಅಂದೆ.

“ನೀನು ನನ್ನ ಪಕ್ಕಕ್ಕೆ ಕರೆದು ಹೇಳ್ಬಹುದಿತ್ತು. ಊರ ಮುಂದೆ ಹೇಳ್ದೆ.” ಮುದ್ದೆಯ ತುಂಡನ್ನು ಸಾರಿಗೆ ಅದ್ದುತ್ತಾ, “ಜನ ಬರ್ತಾರಾ ಅಂತ ಕೇಳಿದ್ದು ನೀನೇ ಅಲ್ವಾ? ಖಾಲಿ ಕುರ್ಚಿ ನೋಡಿ ನೀನು ಬೇಜಾರು ಮಾಡ್ಕೋಬಾರ್ದು ಅಂತ ಕರ್ಕೊಂಡ್ ಬಂದೆ,” ಅಂದ.

ಅವನು ಮಾಡಿದ್ದು ತಪ್ಪು, ಈಗಲೂ ಹಾಗೇ ಅನ್ನುತ್ತೇನೆ. ಆದರೆ ಜನ ಬೇಕು ಅನ್ನುವ ಆಸೆ ನನ್ನದು. ಅದನ್ನು ಪೂರೈಸಲು ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಮೈಕ್ ಹಿಡಿದಾಗ ಆ ಹೆಂಗಸರಿಗಾಗಿ ಎಷ್ಟು ಮಾತಾಡಿದೆ, ನನ್ನ ಮಾನ ಉಳಿಸಿಕೊಳ್ಳಲು ಎಷ್ಟು ಮಾತಾಡಿದೆ ಅಂತ ಯೋಚಿಸಿದರೆ ಇವತ್ತಿಗೂ ತಲೆ ತಗ್ಗುತ್ತದೆ.

ಆ ಭಾನುವಾರ ಅಣ್ಣ ಘಟಕ ತೆರೆಯಲಿಲ್ಲ. ಅದನ್ನು ನನಗೆ ತಿಳಿಸಿದವರು ಅತ್ತಿಗೆ. ಅವನು ತಿಂಗಳುಗಟ್ಟಲೆ ಫೋನ್ ಮಾಡಲಿಲ್ಲ.

ಗೌರಿ ಹಬ್ಬಕ್ಕೆ ಯಾರ ಕೈಲಾದರೂ ಬಾಗಿನ ಕಳಿಸುತ್ತಾನೇನೋ ಅಂದುಕೊಂಡಿದ್ದೆ, ನನ್ನ ಮನೆಗೆ ತಾನೇ ತಂದ. ಕಾಫಿ ಕುಡಿದು ಮುಗಿಯುವವರೆಗೂ ಮಳೆ, ಗೂಡಿನ ಧಾರಣೆ, ಅವನ ಮೊಣಕಾಲು ನೋವು ಇಷ್ಟೇ ಮಾತು. ಎದ್ದು ಚಪ್ಪಲಿ ಮೆಟ್ಟುತ್ತಾ ಕೇಳಿದ, “ಮತ್ತೆಲ್ಲಾದ್ರೂ ಭಾಷಣ ಇದೆಯಾ?”

“ಚಿಂತಾಮಣಿಯಲ್ಲಿದೆ, ಮುಂದಿನ ತಿಂಗಳು. ಬಾ ಅಣ್ಣ. ನೀನೊಬ್ನೇ ಬಾ.”

ಅವನು ನಗಲಿಲ್ಲ. “ನೋಡಣ,” ಅಂತ ಹೇಳಿ ಬಸ್‌ಸ್ಟ್ಯಾಂಡ್ ಕಡೆ ನಡೆದ.