ಲೆಕ್ಕಕ್ಕೆ ಬಾರದ ಮೊದಲ ಓಟ

ಆಫೀಸಿನಲ್ಲಿ ಅವಳಿಗೆ ಅಪಶಕುನದಕ್ಕ ಅಂತಲೇ ಹೆಸರು. ಇಟ್ಟವರು ಇಡಲಿ ಬಿಡಿ, ಅವಳಿಗೆ ಸಂಬಳ ಕೊಡುವುದೇ ಕೆಟ್ಟದ್ದನ್ನು ಯೋಚಿಸುವುದಕ್ಕೆ! ಯಂತ್ರದೊಳಗಿನ ಪ್ರೋಗ್ರಾಂ ಸಾಮಾನ್ಯವಾಗಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನುವುದು ಅವಳಿಗೆ ಬೇಡ. ಗ್ರಹಚಾರ ಕೆಟ್ಟ ದಿನ ಎಷ್ಟು ಹೊತ್ತು ತೆಗೆದುಕೊಂಡೀತು, ಅದು ಬೇಕು. ಮನೆಯಲ್ಲೂ ಅಷ್ಟೇ. ಬಸ್ಸಿಗೆ ಹೊರಟರೆ ಚಪ್ಪಲಿ ಕಿತ್ತುಹೋಗುವುದಕ್ಕೂ ಒಂದಿಷ್ಟು ಸಮಯ ಎತ್ತಿಟ್ಟೇ ಹೊರಡುವವಳು.

ಈ ಸಲದ್ದು ಪ್ರೆಸ್ಸಿನಲ್ಲಿ ಕಾಗದದ ಕಟ್ಟು ಕತ್ತರಿಸುವ ಯಂತ್ರ. ಬ್ಲೇಡಿನ ಕೆಳಗೆ ಕೈ ಬಂದರೆ ಕ್ಯಾಮರಾ ನೋಡಬೇಕು, ಪ್ರೋಗ್ರಾಂ ಗುರುತು ಹಿಡಿಯಬೇಕು, ಬ್ಲೇಡು ನಿಲ್ಲಬೇಕು. ಎಲ್ಲವೂ ಬೆರಳಿಗೆ ತಾಗುವ ಮುಂಚೆ. ಮೊದಲ ಯಂತ್ರ ಹೋಗುವುದು ಅವಳ ತಮ್ಮ ದುಡಿಯುವ ಪ್ರೆಸ್ಸಿಗೇ. ದಿನಾ ಬೆಳಿಗ್ಗೆ ಸ್ವಿಚ್ಚು ಹಾಕಿ ಮೊದಲ ಕಟ್ಟು ಒಡ್ಡುವವನು ಅವನೇ. ಅವಳಿಗೆ ಊಟವೇ ಸೇರುತ್ತಿರಲಿಲ್ಲ.

“ಸಾವಿರ ಸಲ ಓಡಿಸಿದೀವಿ ಮೇಡಂ, ಒಂದ್ಸಲಾನೂ ತಡ ಆಗಿಲ್ಲ,” ಎಂದ ಪರೀಕ್ಷೆ ವಿಭಾಗದ ಮೀಸೆ. ಅವನನ್ನು ಎಲ್ಲರೂ ಕರೆಯುವುದೇ ಹಾಗೆ.

“ಎಲ್ಲಾ ಸಲದ ಅಳತೇನೂ ಇದೆಯಾ?”

“ಮೊದಲನೇದು ಬಿಟ್ಟು. ಅದನ್ನ ಯಾವಾಗ್ಲೂ ಬಿಡ್ತೀವಲ್ಲ, ಯಂತ್ರ ಇನ್ನೂ ಮೈ ಮುರೀತಿರುತ್ತೆ.”

ಅಪಶಕುನದಕ್ಕ ಕುರ್ಚಿಯಿಂದ ಎಗರಿ ನಿಂತಳು. ಅಯ್ಯೋ ದೇವರೇ! ಸ್ವಿಚ್ಚು ಹಾಕಿದಾಗ ಪ್ರೋಗ್ರಾಂ ಇನ್ನೂ ನಿಧಾನದ ಮೆಮೊರಿಯಲ್ಲೇ ಇರುತ್ತದೆ. ಒಂದು ಸಲ ಓಡಿದ ಮೇಲಷ್ಟೇ ಚುರುಕಿನ ಮೆಮೊರಿಗೆ ಬಂದು ಕೂರುವುದು. ಇವರು ಎಸೆದದ್ದು ಆ ಒಂದೇ ಓಟವನ್ನು. ಅವಳ ತಮ್ಮ ಕೈ ಒಡ್ಡುವುದೂ ಅದಕ್ಕೇ!

ಪರೀಕ್ಷೆಗೆ ಇಟ್ಟಿದ್ದ ಯಂತ್ರದ ಸ್ವಿಚ್ಚು ಆರಿಸಿದಳು. ಊಟದ ಡಬ್ಬಿಯ ಕ್ಯಾರೆಟ್ಟನ್ನು ಕೈಗವಸಿನ ಬೆರಳಿಗೆ ತುರುಕಿ, ಕೋಲಿಗೆ ಕಟ್ಟಿ, ಸ್ವಿಚ್ಚು ಹಾಕಿದ್ದೇ ತಡ, ಬ್ಲೇಡಿನ ಕೆಳಗೆ ನೂಕಿದಳು. ಕಚಕ್! ಬೆರಳು ಎರಡು ತುಂಡು.

“ಸಿಕ್ತು! ಸಿಕ್ತು ಕಣ್ರೀ!” ಎಂದು ಕುಣಿದಾಡಿಬಿಟ್ಟಳು. ಮೀಸೆಯ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆಮೇಲೆ ವಾರವೆಲ್ಲ ಜಗಳ, ಚಹಾ, ಮತ್ತೆ ಜಗಳ. ಕೈ ಕಾಯುವ ಭಾಗ ಚುರುಕಿನ ಮೆಮೊರಿಯಲ್ಲಿ ಬಂದು ಕೂರುವವರೆಗೆ ಬ್ಲೇಡು ಮಿಸುಕಾಡದಂತೆ ಮಾಡಿದರು. ಅವಳು ಪ್ರೋಗ್ರಾಮಿನ ಒಂದೊಂದು ದಾರಿಯನ್ನೂ ಹಿಡಿದು ಅತಿ ಕೆಟ್ಟ ಹೊತ್ತನ್ನು ಹೊಸದಾಗಿ ಲೆಕ್ಕ ಹಾಕಿದಳು. ಆ ಹೊತ್ತಿನಲ್ಲೂ ಬ್ಲೇಡು ತಾಗುವ ಮುಂಚೆಯೇ ನಿಲ್ಲುತ್ತಿತ್ತು, ಬೆರಳೇ ಗೆದ್ದಿತು.

ಯಂತ್ರ ಪ್ರೆಸ್ಸಿಗೆ ಬಂದ ಬೆಳಿಗ್ಗೆ ಅವಳೂ ಕ್ಯಾರೆಟ್ಟು, ಗವಸು, ಕೋಲಿನ ಸಮೇತ ಹಾಜರು! ತಮ್ಮ ಸ್ವಿಚ್ಚು ಹಾಕಿದ. ಇವಳು ನೂಕಿದಳು. ಬ್ಲೇಡು ಒಂದಿಷ್ಟು ತಡೆದು ಇಳಿದದ್ದು, ಅರ್ಧಕ್ಕೇ ನಿಂತುಬಿಟ್ಟಿತು.

“ಇಷ್ಟಕ್ಕೇನಾ ಅಕ್ಕಾ ವಾರ ಪೂರ್ತಿ ಫೋನ್ ಎತ್ತಿಲ್ಲ?” ಎನ್ನುತ್ತ ಅವನು ಗವಸಿನಿಂದ ಕ್ಯಾರೆಟ್ಟು ತೆಗೆದು ಕಚ್ಚಿದ.

“ತಿನ್ಬೇಡ್ವೋ! ಅದು ನಿನ್ನ ಬೆರಳು ಕಣೋ!”

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಅವಳು ಅವನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ.

“ಬಿಡೇ ಅಕ್ಕಾ,” ಎಂದ ತಮ್ಮ, “ಆ ಕೈಲೇ ಕೆಲಸ ಮಾಡ್ಬೇಕು.”