ಹೊಲದೊಡತಿ ಹಕ್ಕಲಾಯ್ದ ಬೆಳಗು

ಆಗ ಕೆ.ಆರ್. ಪುರದ ಆಚೆಗಿದ್ದ ನಮ್ಮೂರಿನ ಹೆಸರಿಗೆ ಲೇಔಟ್ ಎಂಬ ಬಾಲ ಇನ್ನೂ ಅಂಟಿಕೊಂಡಿರಲಿಲ್ಲ. ಕಾರ್ತಿಕದ ಚಳಿ ಬಿತ್ತೆಂದರೆ ಬಸ್ಸಿನಿಂದ ಇಳಿಯುವ ಮೊದಲೇ ಅವರೆಯ ಸೊಗಡು ಮೂಗಿಗೆ ಬಡಿಯುತ್ತಿತ್ತು. ರಾಗಿಯ ನಡುವೆ ಕೆಲವು ಸಾಲಿಗೊಂದು ಸಾಲು ಅವರೆ ಬಿತ್ತುತ್ತಿದ್ದ ಕಾಲ ಅದು. ಆ ವಾಸನೆ ಕಂಡವರಿಗೆ ನಾನು ವಿವರಿಸಬೇಕಿಲ್ಲ, ಕಾಣದವರಿಗೆ ವಿವರಿಸಲು ಬರುವುದಿಲ್ಲ.

ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದಿದ್ದವು. ಬೆಳೆ ಉಳಿದದ್ದು ನಮ್ಮದೊಂದರಲ್ಲೇ. ತಾತ ತೀರಿಕೊಂಡ ಮೇಲೆ ಹೊಲ ಅಪ್ಪನ ಹೆಸರಿಗೆ ಬಂದಿತ್ತು. ಆದರೂ ಊರವರೆಲ್ಲ ಅದನ್ನು ಅಜ್ಜಿಯ ಹೊಲ ಎಂದೇ ಕರೆಯುತ್ತಿದ್ದರು. ತೆನೆ ಹಾಲುಗಟ್ಟಿದಾಗ ನಾವು ಮಕ್ಕಳು ಕದ್ದು ಕಿತ್ತು, ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬೆಲ್ಲದ ಚೂರಿನ ಜೊತೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಸಿಕ್ಕಿಬಿದ್ದರೆ ಅಜ್ಜಿಯ ಪೊರಕೆ ಏಟು. "ಮಾರಮ್ಮನಿಗೆ ಎಡೆ ಇಡೋಕ್ ಮುಂಚೆ ಹೊಸಾ ಕಾಳು ತಿಂತೀರಾ? ನಾಲ್ಗೆ ಸುಟ್ಟೋಯ್ತದೆ ನೋಡಿ!"

ಸ್ಕೂಲು ಹಲಸೂರಿನಲ್ಲಿತ್ತು. ಅಲ್ಲಿ ನೀತಿಪಾಠ ಮಾಡುತ್ತಿದ್ದವರು ಕರುಣಾ ಮಿಸ್. ಬಿಳಿ ಕಾಟನ್ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ, ಅಚ್ಚುಕಟ್ಟಾದ ಕನ್ನಡ. ಒಂದು ದಿನ ಅವರು ಯೇಸು ಹುಟ್ಟಿದ ನಾಡಿನಲ್ಲಿ ಅವನಿಗಿಂತ ಎಷ್ಟೋ ಹಿಂದೆ ನಡೆಯುತ್ತಿದ್ದ ಸುಗ್ಗಿಯ ವಿಷಯ ಹೇಳತೊಡಗಿದರು. ಆ ನಾಡಿನಲ್ಲಿ ಮೊದಲು ಮಾಗುತ್ತಿದ್ದುದು ಜವೆಗೋಧಿ. ಅದರ ಮೊದಲ ಸಿವುಡನ್ನು, ಅಂದರೆ ಕೊಯ್ದ ತೆನೆಯ ಕಟ್ಟನ್ನು, ಯಾಜಕನ ಕೈಗೆ ಕೊಡಬೇಕು, ಅವನು ಅದನ್ನು ದೇವರ ಮುಂದೆ ಎತ್ತಿ ತೋರಿಸಬೇಕು. ಅಲ್ಲಿಯವರೆಗೆ ಹೊಸ ಕಾಳಿನ ರೊಟ್ಟಿ ತಿನ್ನುವಂತಿಲ್ಲ, ಹುರಿದ ಕಾಳಿಲ್ಲ, ಹಸಿ ತೆನೆಯೂ ಇಲ್ಲ.

ನಾನು ಬೆಂಚಿನಿಂದ ಎದ್ದೇಬಿಟ್ಟೆ. "ಮಿಸ್! ನಮ್ಮಜ್ಜೀನೂ ಹಂಗೇ ಹೇಳ್ತಾರೆ!"

ಕ್ಲಾಸು ನಕ್ಕಿತು. ಮಿಸ್ ನಗಲಿಲ್ಲ. "ಹೌದಾ? ಯಾಕೆ ಅಂತ ಹೇಳಿದ್ದಾರಾ?"

ನನಗೆ ಗೊತ್ತಿರಲಿಲ್ಲ. ಮಿಸ್ ಹೇಳಿದರು: "ನೆಲ ನಮ್ಮದಲ್ಲ, ದೇವರದು ಅಂತ ಆ ನಾಡಿನವರು ನಂಬಿದ್ದರು. ತಾವು ಬರೀ ಒಕ್ಕಲು. ಅದಕ್ಕೇ ಮೊದಲ ಪಾಲು ಒಡೆಯನಿಗೆ. ಹೊಲದ ಅಂಚನ್ನ ಕೊಯ್ಯದೆ ಬಿಡಬೇಕು, ಬಿದ್ದ ತೆನೆ ಎತ್ತಿಕೊಳ್ಳಬಾರದು. ಅದು ಬಡವರದ್ದು, ವಿಧವೆಯರದ್ದು, ಊರು ಬಿಟ್ಟು ಬಂದವರದ್ದು. ಬಿದ್ದದ್ದನ್ನ ಆಯ್ದುಕೊಳ್ಳೋದಕ್ಕೆ ಹಕ್ಕಲಾಯೋದು ಅಂತಾರೆ."

ಮಿಸ್ ಹೋಗುತ್ತಿದ್ದ ಚರ್ಚಿನಲ್ಲಿ ಆ ಭಾನುವಾರ ಸುಗ್ಗಿ ಹಬ್ಬವಿತ್ತು. ಎಲ್ಲರೂ ರಸೆಲ್ ಮಾರುಕಟ್ಟೆಯಿಂದ ಸೇಬು, ಕುಂಬಳಕಾಯಿ, ಹೂವು ತಂದಿಡುತ್ತಾರೆ, ಹೊಲದಿಂದ ನೇರ ಬಂದ ತೆನೆಯನ್ನು ತಾವು ಅಲ್ಲಿ ಎಂದೂ ಕಂಡಿಲ್ಲ ಎಂದು ಮಿಸ್ ನಕ್ಕರು. ನನಗೆ ಅಷ್ಟೇ ಸಾಕಾಯಿತು. "ನಾನು ಕೊಡ್ತೀನಿ ಮಿಸ್. ಶನಿವಾರ ನಮ್ಮ ಕೊಯ್ಲು. ನೀವೇ ಬನ್ನಿ."

ಸಂಜೆ ಅಜ್ಜಿಗೆ ಎಲ್ಲ ಒದರಿದೆ. ಅವಳು ಅವರೆಕಾಳು ಹಿದುಕುತ್ತಾ ಕೇಳಿದಳು. "ಹಕ್ಕಲು ಬಡವ್ರದೇ ಕಣಮ್ಮಿ. ನನ್ ಮದ್ವೆ ಆದಾಗ್ಲೂ ಅಂಗೇ ಇತ್ತು. ಆ ದೇಸದಾಗೂ ಇತ್ತಾ?" ಎಂದು ಬೆರಗಾದಳು. ಆಮೇಲೆ ತೀರ್ಪು ಕೊಟ್ಟಳು: "ಮೊದಲ್ನೇ ಸಿವುಡು ಮಾರಮ್ಮಂಗೆ. ಎರಡನೇದು ನಿಮ್ ಮಿಸ್ಸಿನ ದೇವ್ರಿಗೆ. ಬ್ಯಾಸ್ರ ಮಾಡ್ಕಬಾರ್ದು ಅಂತ ಹೇಳು."

ಕೊಯ್ಲಿಗೆ ಊರಿನ ಹೆಂಗಸರು ಬರುವುದು ನಿಂತುಹೋಗಿತ್ತು. ಪಕ್ಕದ ಕಟ್ಟಡದ ಶೆಡ್ಡುಗಳಲ್ಲಿದ್ದ ಯಾದಗಿರಿ ಕಡೆಯ ಹೆಂಗಸರನ್ನೇ ಅಜ್ಜಿ ಕರೆದಿದ್ದಳು. ಅವರಲ್ಲಿ ಹಿರಿಯಳಾದ ಶರಣಮ್ಮ ಹಿಂದಿನ ದಿನವೇ ಬಂದು ತೆನೆಯನ್ನು ಹಿಡಿದು ನೋಡಿ, "ಎಷ್ಟು ದಿನಾತು ಯವ್ವಾ ಕೈಯಾಗ ಕುಡುಗೋಲು ಹಿಡ್ದು. ದಿನಾ ಇಟ್ಟಿಗೀ ಹೊರೂದಾತು" ಎಂದು ನಕ್ಕಿದ್ದಳು.

ಶನಿವಾರ ಬೆಳಿಗ್ಗೆ ನಾನೂ ಅಜ್ಜಿಯೂ ಕುಡುಗೋಲು, ಅರಿಶಿನ, ಕುಂಕುಮ, ಒಂದು ತೆಂಗಿನಕಾಯಿ ಹಿಡಿದು ಹೊರಟೆವು. ಇಬ್ಬನಿಗೆ ನನ್ನ ಲಂಗದ ಅಂಚು ಒದ್ದೆಯಾಗಿತ್ತು. ಮೋಟರಿನ ಸದ್ದು ಕೇಳಿದಾಗ ಪಕ್ಕದ ಸೈಟಿನದು ಅಂದುಕೊಂಡೆವು. ಬೇಲಿ ತಿರುಗಿದೆವು.

ಹೊಲದ ನಟ್ಟನಡುವೆ ಹಳದಿ ಜೆಸಿಬಿ ಇತ್ತು. ಅರ್ಧ ಹೊಲ ಆಗಲೇ ಇರಲಿಲ್ಲ. ಮಾಗಿದ ತೆನೆಗಳ ಸಮೇತ ಪೈರನ್ನು ಅದು ಮಣ್ಣಿನೊಳಕ್ಕೆ ಮಗುಚುತ್ತಿತ್ತು. ಜಜ್ಜಿಹೋದ ಅವರೆಯ ಸೊಗಡು ಬೇಲಿಯವರೆಗೂ ಗಾಢವಾಗಿ ಹರಡಿತ್ತು. ಕೂಗಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಅಜ್ಜಿ ನನ್ನ ಕೈ ಬಿಟ್ಟಳು.

ಅಪ್ಪ ಬದುವಿನ ಮೇಲೆ ನಿಂತು ಯಾರಿಗೋ ಫೋನಿನಲ್ಲಿ ಕಿರುಚುತ್ತಿದ್ದ. ಅಜ್ಜಿಯನ್ನು ಕಂಡದ್ದೇ ಫೋನು ಇಳಿಸಿದ.

"ಕೊಯ್ಲಾದ ಮೇಲೆ ಬರ್ತೀವಿ ಅಂದಿದ್ರು ಅವ್ವ. ಮಾತು ಕೊಟ್ಟಿದ್ರು."

"ಯಾರು?"

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ.

"ಯಾರ್ಲಾ ಬತ್ತೀವಿ ಅಂದಿದ್ದು?"

"ಬಿಲ್ಡರ್ರು. ಕೊಟ್ಬಿಟ್ಟಿದ್ದೀನಿ ಅವ್ವ. ಸುಗ್ಗಿ ಮುಗಿದ್ಮೇಲೆ ಹೇಳಾಣ ಅಂತಿದ್ದೆ."

ಅಜ್ಜಿ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಅವಳು ಮಗನ ಮುಖವನ್ನೇ ಗುರುತು ಸಿಗದವಳಂತೆ ನೋಡಿದಳು. "ಬಸ್ರಿ ಹೆಂಗ್ಸಿನಂಗಿತ್ತಲ್ಲೋ ಪೈರು" ಎಂದಳು. ಅಷ್ಟೇ. ಆಮೇಲೆ ಚಪ್ಪಲಿ ಬಿಟ್ಟು ನೇರ ಜೆಸಿಬಿಯ ಎದುರಿಗೆ ನಡೆದಳು.

"ಅಜ್ಜಿ, ಸೈಡಿಗೆ ಬನ್ನಿ!" ಡ್ರೈವರ್ ಕೂಗಿದ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಮಣ್ಣಿನೊಳಗಿಂದ ಒಂದು ತೆನೆ ಎಳೆದು, ಕೊಡವಿ ಮಡಿಲಿಗೆ ಹಾಕಿಕೊಂಡಳು. ಇನ್ನೊಂದು ಎಳೆದಳು. ಡ್ರೈವರ್ ಎಂಜಿನ್ ಆರಿಸಿ, ಕೆಳಗಿಳಿದು, ಟೋಪಿ ತೆಗೆದು ದೂರ ಹೋಗಿ ನಿಂತ.

ಅಷ್ಟರಲ್ಲಿ ಶರಣಮ್ಮನೂ ಉಳಿದ ಹೆಂಗಸರೂ ಕುಡುಗೋಲು ಹಿಡಿದು ಬೇಲಿಯ ಹತ್ತಿರ ಬಂದು ಹಾಗೇ ನಿಂತುಬಿಟ್ಟಿದ್ದರು. "ಯವ್ವಾ, ಹಿಂಗ್ಯಾಕ ಮಾಡ್ಯಾರ? ಕಾಳು ತುಂಬಿದ ತೆನಿ ಯಾರರೆ ತುಳೀತಾರೇನ್ರೀ?" ಎಂದು ಶರಣಮ್ಮ ಬಾಯಿಗೆ ಸೆರಗು ಹಿಡಿದಳು.

ಅಜ್ಜಿ ತಲೆ ಎತ್ತಿದಳು. "ಕೂಲಿ ಕೊಡೋಕೆ ಇವತ್ತು ನಂದು ಏನೂ ಇಲ್ಲ ಕಣ್ರಮ್ಮ. ಹಕ್ಕಲಿದೆ. ಬನ್ನಿ. ಆಯ್ದೋರಿಗೆ ಆಯ್ದಷ್ಟು."

ಅವರು ಬಂದರು. ನಾನೂ ಅಜ್ಜಿಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಜೊತೆ ಕೈ ನನ್ನ ಪಕ್ಕದಲ್ಲಿ ಮಣ್ಣು ಬಗೆಯುವುದು ಕಂಡಿತು. ಕರುಣಾ ಮಿಸ್. ಬಿಳಿ ಸೀರೆಯ ನೆರಿಗೆ ಕೆಸರಾಗಿತ್ತು, ಕಣ್ಣು ಕೆಂಪಾಗಿತ್ತು. "ಹೊಲದ ಒಡತಿಯೇ ಹಕ್ಕಲಾಯೋದನ್ನ ನಾನು ಎಲ್ಲೂ ಓದಿಲ್ಲ" ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಬಿಸಿಲೇರುವ ಹೊತ್ತಿಗೆ ಅಜ್ಜಿ ತನ್ನ ಮಡಿಲಿನದನ್ನು ಸುರಿದು ಎರಡು ಹಿಡಿ ಕಟ್ಟಿದಳು. ಒಂದನ್ನು ಮಾರಮ್ಮನಿಗೆಂದು ಎತ್ತಿಟ್ಟು, ಇನ್ನೊಂದನ್ನು ಮಿಸ್ಸಿಗೆ ಚಾಚಿದಳು. "ಮಣ್ಣಾಗ್ಬಿಟ್ಟೈತೆ ತಾಯಿ. ತೊಳ್ದು ಕೊಡ್ಲಾ?"

"ಬೇಡಜ್ಜಿ. ಹೀಗೇ ಇರಲಿ."

ಮರುದಿನ ಮಿಸ್ ನನ್ನನ್ನೂ ಚರ್ಚಿಗೆ ಕರೆದೊಯ್ದರು. ಮೇಣದಂಥ ಸೇಬುಗಳ ನಡುವೆ ನಮ್ಮ ಕೆಸರು ಮೆತ್ತಿದ ರಾಗಿ ಮಲಗಿತ್ತು. ಇದ್ಯಾರು ತಂದದ್ದು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಮಿಸ್ ನನ್ನ ಹೆಗಲ ಮೇಲೆ ಕೈಯಿಟ್ಟರು.

ಆ ವರ್ಷದ ರಾಗಿಯನ್ನು ಎಷ್ಟು ಕೇರಿದರೂ ಮಣ್ಣು ಹೋಗಲಿಲ್ಲ. ಮುದ್ದೆ ನುಂಗುವಾಗ ಗಂಟಲಿಗೆ ಮರಳು ತಾಕುತ್ತಿತ್ತು. ಅಜ್ಜಿ ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ, ತಾನೇ ಬಡಿಸಿದಳು. ಅಪ್ಪ ತಲೆ ಬಗ್ಗಿಸಿ ಉಂಡ. ಕೊನೆಯ ಹಿಟ್ಟು ಮುಗಿದ ದಿನ ತಟ್ಟೆ ಬಿಟ್ಟೆದ್ದು ಹಿತ್ತಿಲಿಗೆ ಹೋಗಿ ಅತ್ತ. ಅಜ್ಜಿ ಹೋಗಿ ಪಕ್ಕದಲ್ಲಿ ನಿಂತಳು. ಅದಾದ ಮೇಲೆ ಅವಳು ಬದುಕಿದ್ದಷ್ಟು ವರ್ಷ ಮತ್ತೆ ಆ ಬೇಲಿ ತಿರುಗಲಿಲ್ಲ.

ಈಗ ಅಲ್ಲಿ ಏಳು ಅಂತಸ್ತಿನ ಅಪಾರ್ಟ್‌ಮೆಂಟ್. ಹೊಲಕ್ಕೆ ಪ್ರತಿಯಾಗಿ ಅಪ್ಪನ ಪಾಲಿಗೆ ಬಂದ ಮನೆಯಲ್ಲಿ ನಾನು ಇದ್ದೇನೆ. ಅಂಗಳದಲ್ಲಿ ನೇರಳೆ ಮರವಿದೆ. ಹಣ್ಣು ಉದುರಿ ಕಾಲುದಾರಿಯೆಲ್ಲ ನೀಲಿಯಾಗುತ್ತದೆ, ನಾವು ಯಾರೂ ಎತ್ತುವುದಿಲ್ಲ. ಹೋದ ತಿಂಗಳು ಮೂರನೇ ಮಹಡಿಯ ಕೆಲಸದಾಕೆ ಮಕ್ಕಳಿಗೆಂದು ಒಂದು ಕವರಿನಷ್ಟು ಆಯ್ದುಕೊಂಡಿದ್ದಳು. ಗೇಟಿನಲ್ಲಿ ಸೆಕ್ಯೂರಿಟಿಯವನು ಅವಳ ಚೀಲ ತೆರೆಸಿ, ಆ ಹಣ್ಣನ್ನೆಲ್ಲ ಕಸದ ಡಬ್ಬಿಗೆ ಸುರಿದ.

ನಾನು ಓಡಿಹೋಗಿ, "ಯಾಕ್ರೀ? ಬಿದ್ದಿರೋದಲ್ವಾ?" ಎಂದೆ.

"ಬಿದ್ರೂ ಅಸೋಸಿಯೇಷನ್ದೇ ಮೇಡಂ. ರೂಲ್ಸು."

ಆಕೆ ಖಾಲಿ ಕವರನ್ನು ಮಡಿಸಿಕೊಂಡು ಹೊರಟುಹೋದಳು. ಈ ನೆಲದ ಮೇಲೆ ನಮ್ಮಜ್ಜಿ ಏನು ಹೇಳಿದ್ದಳೆಂದು ಅವನಿಗೆ ಹೇಳಲು ನಾನು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ.